ಪ್ರಾಸ್ಟೇಟ್ ರಿಪೋರ್ಟಿನಲ್ಲಿ ಬರುವ ‘ಸ್ಟ್ರೋಮಾ’ ಅಂದರೆ ಎಂತದು?

ಚಿಕ್ಕಪ್ಪನ ಕೈಯಲ್ಲಿ ಎರಡು ಹಾಳೆಯ ರಿಪೋರ್ಟು. ಪ್ರಾಸ್ಟೇಟ್ ಆಪರೇಷನ್ ಆಗಿ ಹತ್ತು ದಿನ ಆಗಿತ್ತು. ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದರು, ಅದರ ಉತ್ತರ ಬಂದಿತ್ತು. ಹಾಳೆಯನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದರು. ‘ಗ್ಲ್ಯಾಂಡುಲೋ ಸ್ಟ್ರೋಮಲ್ ಹೈಪರ್‌ಪ್ಲೇಸಿಯಾ’. ಆಮೇಲೆ ನನ್ನ ಮುಖ ನೋಡಿದರು. ‘ಎಂತ ಮಾರಾಯ ಇದು? ಕ್ಯಾನ್ಸರ್ರಾ?’

ಅಲ್ಲ, ಕ್ಯಾನ್ಸರ್ ಅಲ್ಲ ಅಂತ ಮೊದಲು ಹೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟರು. ಚಿಕ್ಕಪ್ಪ ಮಾತ್ರ ಬಿಡುವವರಲ್ಲ. ಹೈಪರ್‌ಪ್ಲೇಸಿಯಾ ಅಂದರೆ ಕೋಶಗಳು ಜಾಸ್ತಿ ಆಗಿವೆ ಅಂತ, ಅದು ಸರಿ. ಗ್ಲ್ಯಾಂಡು ಅಂದರೆ ಗ್ರಂಥಿ, ಅದೂ ಸರಿ. ಈ ಸ್ಟ್ರೋಮಾ ಯಾವುದು, ನನ್ನ ಹೊಟ್ಟೆಯಲ್ಲಿ ಅದು ಯಾಕಿದೆ ಅಂತ ಕೇಳಿದರು.

ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಂಥ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕುಯ್ದು, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುವುದು ನನ್ನ ಕೆಲಸ. ರೋಗ ಇದೆ, ಇಲ್ಲ ಅಂತ ಹೇಳುವವರು ಅವರು, ನಾನಲ್ಲ. ಆದರೂ ವರ್ಷಗಟ್ಟಲೆ ಈ ಗುಲಾಬಿ ಬಣ್ಣದ ಗಾಜಿನ ಪಟ್ಟಿಗಳನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಪ್ರಾಸ್ಟೇಟ್ ವಿಷಯದಲ್ಲಿ ಎಲ್ಲರ ಮಾತೂ ಗ್ರಂಥಿಯ ಸುತ್ತಲೇ ಸುತ್ತುತ್ತದೆ, ಆದರೆ ಅದು ಹುಟ್ಟುವುದು, ಬೆಳೆಯುವುದು, ವಯಸ್ಸಾದ ಮೇಲೆ ಕಾಟ ಕೊಡುವುದು, ಇವೆಲ್ಲದರಲ್ಲೂ ಗ್ರಂಥಿಗಳ ನಡುವೆ ಸುಮ್ನೆ ತುಂಬಿಕೊಂಡಿರುವಂತೆ ಕಾಣುವ ಆ ಪದಾರ್ಥದ ಕೈ ದೊಡ್ಡದು. ಅದೇ ಸ್ಟ್ರೋಮಾ.

ಮೊದಲು ಜಾಗ ಗುರುತು ಮಾಡಿಕೊಳ್ಳೋಣ. ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಬುಡದಲ್ಲಿ. ಮೂತ್ರನಾಳ ಅದರ ನಡುವೆ ತೂರಿಕೊಂಡು ಕೆಳಗಿಳಿಯುತ್ತದೆ. ಹರೆಯದ ಗಂಡಸಿನಲ್ಲಿ ತೂಕ ಸುಮಾರು 20 ಗ್ರಾಂ. ಇಂಗ್ಲಿಷ್ ಪುಸ್ತಕಗಳಲ್ಲಿ ಆಕ್ರೋಟಿನಷ್ಟು ಅಂತ ಬರೆದಿರುತ್ತಾರೆ. ನಮ್ಮ ಕಡೆ ಆಕ್ರೋಟ್ ದಿನಾ ಯಾರು ನೋಡ್ತಾರೆ? ಸಿಪ್ಪೆ ಸುಲಿಯದ ಒಂದು ಅಡಿಕೆಕಾಯಿ ಅಂದುಕೊಳ್ಳಿ.

ಅಡಿಕೆ ಗಾತ್ರಕ್ಕಷ್ಟೇ ಅಲ್ಲ, ಒಳಗಿನ ಚಿತ್ರಕ್ಕೂ ಆಗುತ್ತದೆ. ಅಡಿಕೆ ಸುಲಿದು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ. ಬಿಳಿ ತಿರುಳು, ಅದರೊಳಗೆ ಹೊರಗಿನಿಂದ ನುಗ್ಗಿ ಬಂದ ಕಂದು ಗೆರೆಗಳು. ಬಿಳಿ ಎಲ್ಲಿ, ಕಂದು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಆದರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿಸಿ ತೆಗೆಯಲು ಆಗಲ್ಲ. ಚಿಕ್ಕಪ್ಪನಿಗೂ ತಟ್ಟೆಯಿಂದ ಒಂದು ಅಡಿಕೆ ತೆಗೆದು ಕತ್ತರಿಸಿಯೇ ತೋರಿಸಿದೆ. ಬಿಳಿ ಭಾಗ ಗ್ರಂಥಿ, ಈ ಕಂದು ಜಾಲವೆಲ್ಲ ಸ್ಟ್ರೋಮಾ ಅಂದೆ. ಅವರು ಹೋಳನ್ನು ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಬಾಯಿಗೆ ಹಾಕಿಕೊಂಡರು. ಇದರಲ್ಲಿ ಒಂದು ತಿದ್ದುಪಡಿ ಬೇಕು. ಅಡಿಕೆಯಲ್ಲಿ ಬಿಳಿ ಜಾಸ್ತಿ, ಪ್ರಾಸ್ಟೇಟಿನಲ್ಲಿ ಉಲ್ಟಾ. ಆರೋಗ್ಯವಂತ ಪ್ರಾಸ್ಟೇಟಿನಲ್ಲೂ ಗ್ರಂಥಿಯ ಒಳಪದರ ಒಂದು ಪಾಲಾದರೆ ಸ್ಟ್ರೋಮಾ ಸುಮಾರು ಎರಡು ಪಾಲು ಇರುತ್ತದೆ.

ಮೈಕ್ರೋಸ್ಕೋಪಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ಹೇಳಿಬಿಡುತ್ತೇನೆ. ನಾವು ಮೇಣದ ತುಂಡನ್ನು ಕುಯ್ಯುವುದು ನಾಲ್ಕು ಮೈಕ್ರಾನ್ ದಪ್ಪಕ್ಕೆ, ಅಂದರೆ ಒಂದು ಮಿಲಿಮೀಟರಿನಲ್ಲಿ 250 ಪದರ ಬರಬೇಕು. ಆ ಪದರ ಬಿಸಿನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೇಲುತ್ತದೆ. ಅದನ್ನು ಗಾಜಿನ ಮೇಲೆ ಹಿಡಿದು, ಮೇಣ ಕರಗಿಸಿ, ಎರಡು ಬಣ್ಣ ಕೊಡುತ್ತೇವೆ. ಕೋಶದ ಬೀಜ ನೀಲಿ ಆಗುತ್ತದೆ, ಉಳಿದದ್ದೆಲ್ಲ ಗುಲಾಬಿ. ಗ್ರಂಥಿಗಳು ಅಂಚು ಅಲೆಯಲೆಯಾದ ಬಿಳಿ ತೂತುಗಳ ಹಾಗೆ ಕಾಣುತ್ತವೆ. ತೂತಿನ ಸುತ್ತ ಎರಡು ಸಾಲು ಕೋಶ. ಒಳಸಾಲಿನ ಎತ್ತರದ ಕೋಶಗಳು ವೀರ್ಯಕ್ಕೆ ಸೇರುವ ರಸ ಮಾಡುತ್ತವೆ, ಪ್ರಾಸ್ಟೇಟ್ ತೊಂದರೆಯ ಸುಳಿವಿಗಾಗಿ ನಾವು ರಕ್ತದಲ್ಲಿ ಅಳೆಯುವ ಪ್ರೋಟೀನ್ ಪಿಎಸ್‌ಎ ಕೂಡ ಅವುಗಳದೇ ಸರಕು. ಹೊರಸಾಲು ಬುಡದ ಕೋಶಗಳದು. ಅದರ ಹೊರಗೆ ತೆಳು ಪೊರೆ ಒಂದು ಇದೆ, ಬೇಲಿ ಇದ್ದ ಹಾಗೆ. ಬೇಲಿಯಾಚೆ ಕಾಣುವುದೆಲ್ಲ ಗುಲಾಬಿ ಎಳೆಗಳು, ನೇಯ್ದ ಚಾಪೆಯ ಹಾಗೆ.

ಚಾಪೆಯಲ್ಲಿ ಯಾರ್‍ಯಾರಿದ್ದಾರೆ? ಮುಖ್ಯವಾಗಿ ಇಬ್ಬರು. ಒಂದು, ಸ್ನಾಯುಕೋಶ. ಕೈಕಾಲಿನ ಸ್ನಾಯುವಿನ ಹಾಗೆ ನಾವು ಹೇಳಿದಂತೆ ಕೇಳುವುದಲ್ಲ, ಶಾಲೆಯಲ್ಲಿ ಅನೈಚ್ಛಿಕ ಸ್ನಾಯು ಅಂತ ಓದಿದ್ದೆವಲ್ಲ, ಆ ಜಾತಿ. ಇನ್ನೊಂದು ಫೈಬ್ರೋಬ್ಲಾಸ್ಟ್, ನಾರು ನೇಯುವ ಕೋಶ. ಉದ್ದಕ್ಕೆ, ಎರಡೂ ತುದಿ ಚೂಪು. ಅವು ಕೊಲ್ಲಾಜೆನ್ ಅನ್ನುವ ನಾರು ಸುರಿಸಿ ಎಲ್ಲವನ್ನೂ ಹಿಡಿದು ಕಟ್ಟುತ್ತವೆ. ಇವರ ನಡುವೆ ರಕ್ತನಾಳ, ನರ, ಆಗಾಗ ಬಂದುಹೋಗುವ ಬಿಳಿ ರಕ್ತಕಣಗಳು. ಇಷ್ಟೆಲ್ಲ ಸೇರಿ ಸ್ಟ್ರೋಮಾ.

ಕೆಲಸ ಏನು ಅಂದರೆ, ಎಲ್ಲರಿಗೂ ಹೊಳೆಯುವುದು ಆಧಾರ ಕೊಡುವುದು ಅಂತ. ಅದು ನಿಜ, ಆದರೆ ಅರ್ಧ. ಸ್ನಾಯುಕೋಶಗಳು ಸ್ಖಲನದ ಹೊತ್ತಿನಲ್ಲಿ ಹಿಂಡಿ ಗ್ರಂಥಿಯ ರಸವನ್ನು ಹೊರಗೆ ತಳ್ಳುತ್ತವೆ. ಅದೂ ನಿಜ. ಉಳಿದ ಕೆಲಸ ಮಾತಾಡುವುದು. ಫೈಬ್ರೋಬ್ಲಾಸ್ಟುಗಳು ಬೆಳವಣಿಗೆಯ ಸಂದೇಶ ಹೊತ್ತ ಪ್ರೋಟೀನುಗಳನ್ನು ಬೇಲಿ ದಾಟಿಸಿ ಗ್ರಂಥಿಯ ಕೋಶಗಳಿಗೆ ಕಳಿಸುತ್ತಲೇ ಇರುತ್ತವೆ. ಬೆಳೆ, ಸಾಕು ನಿಲ್ಲು, ಸಾಯುವ ಹೊತ್ತಾಯಿತು, ಎಲ್ಲ ಬಗೆಯ ಸಂದೇಶಗಳೂ ಇವೆ. ಗ್ರಂಥಿಯ ಕಡೆಯಿಂದಲೂ ಉತ್ತರ ಬರುತ್ತದೆ. ಈ ಮಾತುಕತೆ ಸರಿಯಾಗಿ ನಡೆದಷ್ಟು ದಿನ ಪ್ರಾಸ್ಟೇಟ್ ತನ್ನ ಅಳತೆಯಲ್ಲಿ ಇರುತ್ತದೆ.

ಇದನ್ನೆಲ್ಲ ಕಂಡುಹಿಡಿದ ಬಗೆ ಸ್ವಾರಸ್ಯವಾಗಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಜೆರಾಲ್ಡ್ ಕುನ್ಹಾ ಅನ್ನುವ ವಿಜ್ಞಾನಿ. 1970ರ ದಶಕದಿಂದ ಅವರು ಇಲಿಯ ಭ್ರೂಣದ ಮೇಲೆ ಪ್ರಯೋಗ ಮಾಡುತ್ತಿದ್ದರು. ಪ್ರಾಸ್ಟೇಟ್ ಇನ್ನೂ ಆಗಿರದ ಹಂತದಲ್ಲಿ, ಮುಂದೆ ಅದು ಹುಟ್ಟಬೇಕಾದ ಜಾಗದಲ್ಲಿ ಎರಡು ಪದರ ಇರುತ್ತದೆ. ಒಳಗಿನದು ಮುಂದೆ ಗ್ರಂಥಿ ಆಗುವಂಥದ್ದು, ಹೊರಗಿನದು ಸ್ಟ್ರೋಮಾ ಆಗುವಂಥದ್ದು. ಈ ಎರಡನ್ನೂ ಬಿಡಿಸಿ, ಬೇರೆ ಬೇರೆ ಇಲಿಗಳಿಂದ ತೆಗೆದು, ಅದಲು ಬದಲು ಜೋಡಿಸಿ, ದೊಡ್ಡ ಇಲಿಯ ಮೂತ್ರಪಿಂಡದ ಪೊರೆಯ ಕೆಳಗೆ ನಾಟಿ ಮಾಡುತ್ತಿದ್ದರು. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ನಾಟಿ ಹಿಡಿಯುತ್ತದೆ. ಕಸಿ ಕಟ್ಟುವವರಿಗೆ ಇದು ಹೊಸದಲ್ಲ ಬಿಡಿ.

ಪ್ರಾಸ್ಟೇಟ್ ಬೆಳೆಯಲು ಗಂಡು ಹಾರ್ಮೋನ್ ಬೇಕು ಅಂತ ಆಗಲೇ ಗೊತ್ತಿತ್ತು. ಪ್ರಶ್ನೆ ಇದ್ದದ್ದು, ಆ ಹಾರ್ಮೋನಿನ ಮಾತನ್ನು ಕೇಳಿಸಿಕೊಳ್ಳುವವರು ಯಾರು? ಗ್ರಂಥಿಯೇ ಕೇಳಿಸಿಕೊಳ್ಳುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಹಾರ್ಮೋನಿಗೆ ಕಿವುಡಾದ ಒಂದು ತಳಿಯ ಇಲಿ ಇದೆ, ಅದರ ಕೋಶಗಳಲ್ಲಿ ಗಂಡು ಹಾರ್ಮೋನನ್ನು ಹಿಡಿಯುವ ಕೊಂಡಿ ಕೆಲಸ ಮಾಡುವುದಿಲ್ಲ. ಕುನ್ಹಾ ಅವರ ತಂಡ ಈ ಕಿವುಡು ಇಲಿಯ ಗ್ರಂಥಿ ಪದರವನ್ನು ಮಾಮೂಲಿ ಇಲಿಯ ಸ್ಟ್ರೋಮಾಕ್ಕೆ ಜೋಡಿಸಿತು. ಪ್ರಾಸ್ಟೇಟ್ ಬೆಳೆಯಿತು! ಆಮೇಲೆ ತಿರುಗಾಮುರುಗಾ ಮಾಡಿದರು, ಮಾಮೂಲಿ ಗ್ರಂಥಿ ಪದರ, ಕಿವುಡು ಸ್ಟ್ರೋಮಾ. ಏನೂ ಬೆಳೆಯಲಿಲ್ಲ. ಹಾರ್ಮೋನ್ ಮೊದಲು ಸ್ಟ್ರೋಮಾಕ್ಕೆ ಹೇಳುತ್ತದೆ, ಸ್ಟ್ರೋಮಾ ಗ್ರಂಥಿಗೆ ಹೇಳುತ್ತದೆ. ಇನ್ನೊಂದು ಪ್ರಯೋಗದಲ್ಲಿ ಭ್ರೂಣದ ಇದೇ ಸ್ಟ್ರೋಮಾವನ್ನು ಬೆಳೆದ ಇಲಿಯ ಮೂತ್ರಚೀಲದ ಒಳಪದರಕ್ಕೆ ಜೋಡಿಸಿದರು. ಆ ಪದರ ತನ್ನ ಜಾತಿ ಬಿಟ್ಟು ಪ್ರಾಸ್ಟೇಟ್ ಗ್ರಂಥಿಯಂತೆ ಬೆಳೆಯಲು ಶುರುಮಾಡಿತು. ನನಗೆ ಇದನ್ನು ಮೊದಲ ಸಲ ಓದಿದಾಗ ನಂಬಿಕೆ ಬರಲಿಲ್ಲ, ಎರಡು ಸಲ ಓದಿದೆ.

ಹಾರ್ಮೋನ್ ವಿಷಯದಲ್ಲಿ ಸ್ಟ್ರೋಮಾದ್ದು ಇನ್ನೊಂದು ಕೆಲಸವೂ ಇದೆ. ವೃಷಣದಿಂದ ರಕ್ತದಲ್ಲಿ ಬರುವುದು ಟೆಸ್ಟೋಸ್ಟೆರಾನ್. ಪ್ರಾಸ್ಟೇಟಿನ ಒಳಗೆ ಅದು ಇನ್ನೂ ಖಾರವಾದ ಡಿಎಚ್‌ಟಿ ಆಗಿ ಬದಲಾಗುತ್ತದೆ. ಬದಲಾಯಿಸುವ ಕಿಣ್ವ ಇರುವುದು ಹೆಚ್ಚಾಗಿ ಸ್ಟ್ರೋಮಾ ಕೋಶಗಳಲ್ಲಿ. ಅಲ್ಲಿ ತಯಾರಾಗಿ ಪಕ್ಕದ ಗ್ರಂಥಿಗೆ ಹರಿಯುತ್ತದೆ. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದ ಕೆಲವು ಕುಟುಂಬಗಳು ಡೊಮಿನಿಕನ್ ರಿಪಬ್ಲಿಕ್ ದೇಶದ ಹಳ್ಳಿಯೊಂದರಲ್ಲಿ ಇದ್ದವು. 1974ರಲ್ಲಿ ಅವರ ಬಗ್ಗೆ ವರದಿ ಬಂತು. ಆ ಗಂಡಸರ ಪ್ರಾಸ್ಟೇಟ್ ತೀರಾ ಸಣ್ಣದಾಗಿಯೇ ಉಳಿದಿತ್ತು. ಹಾಗಾದರೆ ಈ ಕಿಣ್ವವನ್ನು ಮಾತ್ರೆಯಿಂದ ತಡೆದರೆ ಹೇಗೆ ಅನ್ನುವ ಯೋಚನೆ ಅಲ್ಲಿಂದ ಹುಟ್ಟಿತು. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಿನಾಸ್ಟರೈಡ್ ಅದರ ಫಲ. ಇವತ್ತು ನಮ್ಮ ತೀರ್ಥಹಳ್ಳಿ, ಸಾಗರದ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ.

ಈಗ ಚಿಕ್ಕಪ್ಪನ ಕಥೆ. ಇದನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಸ್ಟ್ರೋಮಾ ಏನು ಮಾಡಬಲ್ಲದು ಅಂತ ನಮ್ಮ ಮನೆಯವರಿಗೆಲ್ಲ ಗೊತ್ತಾಗಿದ್ದು ಆ ರಾತ್ರಿ.

ಪುಷ್ಯ ಮಳೆ ಹೊಯ್ಯುತ್ತಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಎರಡನೇ ಸಲದ ಬೋರ್ಡೋ ಔಷಧ ಹೊಡೆಸಬೇಕು, ಮಳೆ ಎರಡು ಗಂಟೆ ಹೊಳವಾಗುವುದನ್ನೇ ಕಾದು ಕೊನೆಗೌಡನನ್ನು ಮರ ಹತ್ತಿಸಿ, ಇವರು ಕೆಳಗೆ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದರು. ಸಂಜೆಗೆ ಮೂಗು ಕಟ್ಟಿತು. ಪೇಟೆಯ ಒಂದು ಮೆಡಿಕಲ್ ಶಾಪಿನಿಂದ ಯಾರೋ ಶೀತದ ಮಾತ್ರೆ ತಂದುಕೊಟ್ಟರು. ವಯಸ್ಸೆಷ್ಟು, ಮೂತ್ರದ ತೊಂದರೆ ಇದೆಯಾ ಅಂತ ಯಾರೂ ಕೇಳಲಿಲ್ಲ. ಇವರಿಗಂತೂ ಎರಡು ವರ್ಷದಿಂದ ರಾತ್ರಿ ಮೂರು ನಾಲ್ಕು ಸಲ ಏಳುವ ಅಭ್ಯಾಸ, ವಯಸ್ಸಾಯ್ತಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ಮಾತ್ರೆ ನುಂಗಿದರು. ರಾತ್ರಿ ಹನ್ನೊಂದಕ್ಕೆ ಎದ್ದರೆ ಒಂದು ಹನಿ ಬರಲಿಲ್ಲ. ಒಂದು ಗಂಟೆಗೆ ಹೊಟ್ಟೆಯ ಕೆಳಭಾಗ ಕಲ್ಲಿನ ಹಾಗಾಯಿತು. ಎರಡು ಗಂಟೆಗೆ ಜೀಪಿನಲ್ಲಿ ಹಾಕಿಕೊಂಡು ಮಂಡಗದ್ದೆ ದಾರಿಯಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಸುಮಾರು 60 ಕಿಲೋಮೀಟರ್, ಪ್ರತಿ ಗುಂಡಿಗೂ ಅವರು ಹಲ್ಲು ಕಚ್ಚುತ್ತಿದ್ದರು. ಆಸ್ಪತ್ರೆಯಲ್ಲಿ ಪೈಪು ಹಾಕಿದಾಗ ಒಂದು ಲೀಟರಿಗೂ ಜಾಸ್ತಿ ಬಂತು.

ಆಗಿದ್ದೇನು? ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫಿನೈಲೆಫ್ರಿನ್ ಅನ್ನುವ ಔಷಧ ಇರುತ್ತದೆ. ಮೂಗಿನ ಒಳಗಿನ ರಕ್ತನಾಳಗಳನ್ನು ಬಿಗಿ ಮಾಡಿ ಮೂಗು ಬಿಡಿಸಲಿ ಅಂತ ಅದನ್ನು ಹಾಕುತ್ತಾರೆ. ಬಿಗಿ ಮಾಡಲು ಅದು ಒತ್ತುವ ಗುಂಡಿಗೆ ಆಲ್ಫಾ ಅಂತ ಹೆಸರು. ಅದೇ ಗುಂಡಿ ಪ್ರಾಸ್ಟೇಟಿನ ಸ್ಟ್ರೋಮಾದ ಸ್ನಾಯುಕೋಶಗಳ ಮೇಲೂ, ಮೂತ್ರಚೀಲದ ಕುತ್ತಿಗೆಯಲ್ಲೂ ಇದೆ. ಮಾತ್ರೆಗೆ ಮೂಗು ಯಾವುದು, ಪ್ರಾಸ್ಟೇಟ್ ಯಾವುದು ಅಂತ ಗೊತ್ತಾ? ಅದರ ಜೊತೆ ಕ್ಲೋರ್‌ಫೆನಿರಮಿನ್ ಕೂಡ ಇರುತ್ತದೆ, ನಿದ್ದೆ ಬರಿಸುವಂಥದ್ದು, ಅದು ಮೂತ್ರಚೀಲ ಹಿಂಡುವ ಶಕ್ತಿಯನ್ನು ತಗ್ಗಿಸುತ್ತದೆ. ಬಾಗಿಲೂ ಬಿಗಿಯಾಯಿತು, ತಳ್ಳುವ ಬಲವೂ ಹೋಯಿತು. ಹದಿಹರೆಯದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲೇ ಸ್ಟ್ರೋಮಾ ಬೆಳೆದು ದಾರಿ ಕಿರಿದಾದ 68ರ ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. ಮಳೆಗಾಲದಲ್ಲಿ ಮೂಗು ಸೋರುವ ಊರು ನಮ್ಮದು. ಮನೆಯಲ್ಲಿ ವಯಸ್ಸಾದ ಗಂಡಸರಿದ್ದರೆ ಶೀತದ ಮಾತ್ರೆಯ ಪಟ್ಟಿಯ ಹಿಂದೆ ಏನು ಬರೆದಿದೆ ಅಂತ ಒಮ್ಮೆ ಓದಿ, ಡಾಕ್ಟರನ್ನು ಕೇಳಿ.

ಈ ಬೆಳವಣಿಗೆ ಹೇಗಾಗುತ್ತದೆ ಅಂತ ನೋಡೋಣ. ಪ್ರಾಸ್ಟೇಟನ್ನು ವಲಯಗಳಾಗಿ ವಿಂಗಡಿಸಿ ನಕ್ಷೆ ಬರೆದವರು ಜಾನ್ ಮೆಕ್‌ನೀಲ್. ಅವರ ನಕ್ಷೆಯ ಪ್ರಕಾರ ಹೊರವಲಯ ನೂರರಲ್ಲಿ ಸುಮಾರು 70 ಪಾಲು, ಮೂತ್ರನಾಳಕ್ಕೆ ಅಂಟಿಕೊಂಡ ನಡುವಲಯ ಬರೀ 5 ಪಾಲಿನಷ್ಟು. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರವಲಯದಲ್ಲಿ. ವಯಸ್ಸಿನ ಊತ ಹುಟ್ಟುವುದು ಆ 5 ಪಾಲಿನಲ್ಲಿ, ಅದಕ್ಕೇ ಮೂತ್ರಕ್ಕೆ ಅಷ್ಟು ಬೇಗ ಅಡ್ಡಿ. 1978ರಲ್ಲಿ ಮೆಕ್‌ನೀಲ್ ಒಂದು ಮಾತು ಹೇಳಿದರು. ಭ್ರೂಣದಲ್ಲಿ ಪ್ರಾಸ್ಟೇಟ್ ಕಟ್ಟಿದ ಆ ಹಳೆಯ ಶಕ್ತಿ ವಯಸ್ಸಾದ ಮೇಲೆ ಸ್ಟ್ರೋಮಾದಲ್ಲಿ ಮತ್ತೆ ಎಚ್ಚರಗೊಳ್ಳುತ್ತದೆ, ಹೊಸ ಗಂಟುಗಳು ಹುಟ್ಟುತ್ತವೆ ಅಂತ. ಇದು ಇವತ್ತಿಗೂ ಒಂದು ವಾದವೇ. ಆದರೆ ಕುನ್ಹಾ ಅವರ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿದರೆ ತೂಕದ ಮಾತು ಅಂತ ನನಗೆ ಅನ್ನಿಸುತ್ತದೆ. ಮೂತ್ರನಾಳದ ಹತ್ತಿರದ ಸಣ್ಣ ಗಂಟುಗಳಲ್ಲಿ ಕೆಲವು ಬರೀ ಸ್ಟ್ರೋಮಾದವೇ ಇರುತ್ತವೆ, ಒಂದು ಗ್ರಂಥಿಯೂ ಕಾಣುವುದಿಲ್ಲ, ಗಾಜಿನ ಮೇಲೆ ಅವು ಸುಳಿಯ ಹಾಗೆ ಸುತ್ತಿಕೊಂಡಿರುತ್ತವೆ.

ಊದಿದ ಪ್ರಾಸ್ಟೇಟನ್ನು ಅಳತೆ ಮಾಡಿದವರು ಕಂಡದ್ದು, ಗ್ರಂಥಿ ಒಂದು ಪಾಲಾದರೆ ಸ್ಟ್ರೋಮಾ ಐದು ಪಾಲು. ಎರಡು ಇದ್ದದ್ದು ಐದಾಗಿದೆ. ಹೊಸ ಕೋಶಗಳು ಹುಟ್ಟುವುದು ಒಂದು ಕಾರಣ, ಹಳೆಯವು ಹೊತ್ತಿಗೆ ಸರಿಯಾಗಿ ಸಾಯದಿರುವುದು ಇನ್ನೊಂದು. ನಿಧಾನವಾದ ಉರಿಯೂತವೂ ಕೈಜೋಡಿಸುತ್ತದೆ, ಬಿಳಿ ರಕ್ತಕಣಗಳು ಬಿಡುವ ರಾಸಾಯನಿಕಗಳು ಫೈಬ್ರೋಬ್ಲಾಸ್ಟುಗಳನ್ನು ಇನ್ನಷ್ಟು ನೇಯುವಂತೆ ಮಾಡುತ್ತವೆ. 1984ರಲ್ಲಿ ಪ್ರಕಟವಾದ ಶವಪರೀಕ್ಷೆಗಳ ಲೆಕ್ಕದಲ್ಲಿ 50 ದಾಟಿದ ದಶಕದ ಗಂಡಸರಲ್ಲಿ ಅರ್ಧದಷ್ಟು ಜನರಿಗೆ, 80 ದಾಟಿದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಈ ಬದಲಾವಣೆ ಇತ್ತು. ಎಲ್ಲರಿಗೂ ತೊಂದರೆ ಆಗಿರುತ್ತದೆ ಅಂತಲ್ಲ. ಗಾತ್ರ ದೊಡ್ಡದಿದ್ದೂ ಆರಾಮಾಗಿ ಇರುವವರಿದ್ದಾರೆ, ಸಣ್ಣದಿದ್ದೂ ಒದ್ದಾಡುವವರಿದ್ದಾರೆ.

ಯಾಕೆ ಹೀಗೆ? ದಾರಿ ಕಟ್ಟುವುದು ಎರಡು ಬಗೆಯಲ್ಲಿ. ಒಂದು ಗಾತ್ರ, ಸುತ್ತ ಬೆಳೆದು ಒತ್ತುವುದು. ಇನ್ನೊಂದು ಬಿಗಿತ, ಸ್ಟ್ರೋಮಾದ ಸ್ನಾಯು ಹಿಡಿದುಕೊಳ್ಳುವುದು. ಸ್ಕ್ಯಾನಿಂಗಿನಲ್ಲಿ ಗಾತ್ರ ಕಾಣುತ್ತದೆ, ಬಿಗಿತ ಕಾಣುವುದಿಲ್ಲ. ‘ಬರೀ 30 ಗ್ರಾಂ ಇದೆಯಂತೆ, ಮತ್ಯಾಕೆ ಹೀಗೆ?’ ಅಂತ ಕೇಳುವವರಿಗೆ ಉತ್ತರ ಹೆಚ್ಚಿನ ಸಲ ಇಲ್ಲಿರುತ್ತದೆ.

ಮಾತ್ರೆಗಳೂ ಅದಕ್ಕೇ ಎರಡು ಜಾತಿ. 1970ರ ದಶಕದ ನಡುವಿನಲ್ಲಿ ಇಸ್ರೇಲಿನ ಮಾರ್ಕೋ ಕೇನ್ ಪ್ರಾಸ್ಟೇಟಿನ ಸ್ನಾಯುವಿನ ಮೇಲೆ ಆಲ್ಫಾ ಗುಂಡಿಗಳಿವೆ ಅಂತ ತೋರಿಸಿದರು. ಆ ಗುಂಡಿಯನ್ನು ಮುಚ್ಚುವ ಔಷಧಗಳ ಸಾಲಿನಲ್ಲಿ ಬಂದದ್ದೇ ಟ್ಯಾಮ್ಸುಲೋಸಿನ್. ಶೀತದ ಮಾತ್ರೆ ಮಾಡುವುದಕ್ಕೆ ತದ್ವಿರುದ್ಧ ಕೆಲಸ ಇದರದು. ಸ್ನಾಯು ಸಡಿಲವಾಗುತ್ತದೆ, ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಗಾತ್ರ ಮಾತ್ರ ಇಂಚೂ ಕಮ್ಮಿ ಆಗುವುದಿಲ್ಲ. ರಕ್ತನಾಳಗಳೂ ಸ್ವಲ್ಪ ಸಡಿಲವಾಗುವುದರಿಂದ ತಟ್ಟನೆ ಎದ್ದು ನಿಂತರೆ ಕೆಲವರಿಗೆ ತಲೆ ತಿರುಗುತ್ತದೆ, ರಾತ್ರಿ ಹೊತ್ತು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುವುದು ಒಳ್ಳೆಯದು. ಹಿಂಡುವ ಸ್ನಾಯು ಸುಮ್ಮನಾದ್ದರಿಂದ ವೀರ್ಯ ಹೊರಗೆ ಬರುವುದು ಕಮ್ಮಿ ಆಗಬಹುದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗಾಬರಿ ಬಿದ್ದು ಮಾತ್ರೆ ಬಿಡುವವರಿದ್ದಾರೆ. ಇನ್ನೊಂದು ಜಾತಿ ಮೇಲೆ ಹೇಳಿದ ಫಿನಾಸ್ಟರೈಡ್, ಡಿಎಚ್‌ಟಿ ತಯಾರಿಯನ್ನೇ ತಗ್ಗಿಸುವುದು. ಇದು ನಿಧಾನ. ಆರು ತಿಂಗಳಾದರೂ ಕಾಯಬೇಕು, ಗಾತ್ರ ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ. 2003ರಲ್ಲಿ ಪ್ರಕಟವಾದ, 3047 ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಎರಡೂ ಜಾತಿಯ ಮಾತ್ರೆಯನ್ನು ಒಟ್ಟಿಗೆ ಕೊಟ್ಟಾಗ ರೋಗ ಮುಂದುವರಿಯುವ ಸಂಭವ ಶೇಕಡಾ 66ರಷ್ಟು ಇಳಿಯಿತು, ಒಂದೊಂದನ್ನೇ ಕೊಟ್ಟಾಗ ಇಳಿದದ್ದು ಶೇಕಡಾ 34ರಿಂದ 39ರಷ್ಟು.

ಪಿಎಸ್‌ಎ ಬಗ್ಗೆ ಇಲ್ಲೇ ಎರಡು ಮಾತು. ಅದನ್ನು ಮಾಡುವುದು ಗ್ರಂಥಿಯ ಕೋಶ, ಸ್ಟ್ರೋಮಾ ಅಲ್ಲ. ಹಾಗಾಗಿ ಊತದಲ್ಲಿ ಸ್ಟ್ರೋಮಾದ ಪಾಲೇ ಜಾಸ್ತಿ ಇದ್ದರೆ ಗಾತ್ರಕ್ಕೆ ತಕ್ಕಷ್ಟು ಪಿಎಸ್‌ಎ ಏರದೆ ಇರಬಹುದು. ಫಿನಾಸ್ಟರೈಡ್ ತಗೊಳ್ಳುವವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ರಕ್ತ ಕೊಡುವಾಗ ಮಾತ್ರೆಯ ಹೆಸರು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮ ಕೌಂಟರಿನಲ್ಲಿ ನೂರಕ್ಕೆ ನೂರು ಜನ ಹೇಳುತ್ತಾರಾ ಅಂತ ಕೇಳಬೇಡಿ.

ಕ್ಯಾನ್ಸರ್ ವಿಷಯಕ್ಕೆ ಬಂದರೆ ಕಥೆ ಬೇರೆ ತಿರುವು ತಗೊಳ್ಳುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಹುಟ್ಟುವುದು ಗ್ರಂಥಿಯ ಕೋಶದಲ್ಲೇ, ಅದರಲ್ಲಿ ಸಂಶಯ ಬೇಡ. ಸ್ಟ್ರೋಮಾದಲ್ಲೇ ಹುಟ್ಟುವ ಗಡ್ಡೆಗಳೂ ಇವೆ, ಅವು ತೀರಾ ಅಪರೂಪ. ಆದರೆ ಹುಟ್ಟಿದ ಕೆಟ್ಟ ಕೋಶ ಸುಮ್ಮನಿರುತ್ತದೋ, ಬೆಳೆಯುತ್ತದೋ ಅನ್ನುವುದರಲ್ಲಿ ಅಕ್ಕಪಕ್ಕದವರ ಪಾತ್ರ ಇದೆ.

1999ರಲ್ಲಿ ಬಂದ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿತು, ಕುನ್ಹಾ ಕೂಡ ಆ ತಂಡದಲ್ಲಿದ್ದರು. ಅರ್ಧ ದಾರಿ ಕೆಟ್ಟಿರುವ, ಆದರೆ ತಾವಾಗಿಯೇ ಗಡ್ಡೆ ಕಟ್ಟದ ಪ್ರಾಸ್ಟೇಟ್ ಗ್ರಂಥಿಕೋಶಗಳನ್ನು ತೆಗೆದುಕೊಂಡರು. ಒಂದು ಗುಂಪಿಗೆ ಆರೋಗ್ಯವಾದ ಪ್ರಾಸ್ಟೇಟಿನ ಫೈಬ್ರೋಬ್ಲಾಸ್ಟ್ ಜೊತೆ ಮಾಡಿದರು, ಇನ್ನೊಂದಕ್ಕೆ ಕ್ಯಾನ್ಸರ್ ಗಡ್ಡೆಯೊಳಗಿಂದ ತೆಗೆದ ಫೈಬ್ರೋಬ್ಲಾಸ್ಟ್. ಇಲಿಯಲ್ಲಿ ನಾಟಿ ಮಾಡಿದರು. ಮೊದಲ ಗುಂಪು ಹೆಚ್ಚು ಬೆಳೆಯಲಿಲ್ಲ. ಎರಡನೆಯದು ದೊಡ್ಡ ಗಡ್ಡೆಯಾಯಿತು. ಗ್ರಂಥಿಕೋಶ ಎರಡರಲ್ಲೂ ಒಂದೇ! 2004ರಲ್ಲಿ ಇನ್ನೊಂದು ತಂಡ ಇಲಿಯ ಫೈಬ್ರೋಬ್ಲಾಸ್ಟಿನಲ್ಲಿ ಮಾತ್ರ ಒಂದು ವಂಶವಾಹಿಯನ್ನು ಕೆಡಿಸಿತು. ಟಿಜಿಎಫ್ ಬೀಟಾ ಅನ್ನುವ, ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಸಂದೇಶವನ್ನು ಹಿಡಿಯುವ ಕೊಂಡಿ ಅದು. ಗ್ರಂಥಿಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಪ್ರಾಸ್ಟೇಟಿನ ಗ್ರಂಥಿಯಲ್ಲಿ ಕ್ಯಾನ್ಸರಿಗೆ ಮುಂಚಿನ ಹಂತದ ಬದಲಾವಣೆ ಬಂತು, ಜಠರದ ಒಂದು ಭಾಗದಲ್ಲಿ ಕ್ಯಾನ್ಸರೇ ಆಯಿತು.

ಚಿಕ್ಕಪ್ಪ ಇದನ್ನು ಕೇಳಿ ತೋಟದ ಮಾತು ತೆಗೆದರು. ಒಂದೇ ಮಳೆ, ಒಂದೇ ಬೋರ್ಡೋ, ಬಸಿಗಾಲುವೆ ಎತ್ತಿಸದ ತೋಟಕ್ಕೆ ಕೊಳೆ ಹೊಕ್ಕಷ್ಟು ಪಕ್ಕದ ತೋಟಕ್ಕೆ ಹೊಗುವುದಿಲ್ಲ, ಹಾಗೇ ಅಲ್ದಾ ಅಂದರು. ಹೆಚ್ಚುಕಡಿಮೆ ಹಾಗೇ. 1889ರಲ್ಲೇ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಅನ್ನುವ ಸರ್ಜನ್ 735 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ, ಬೀಜ ಎಲ್ಲ ಕಡೆ ಹಾರಿದರೂ ಹದವಾದ ಮಣ್ಣಲ್ಲಿ ಮಾತ್ರ ಮೊಳೆಯುತ್ತದೆ ಅನ್ನುವ ಅರ್ಥದ ಮಾತು ಬರೆದಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಾಗ ಬೆನ್ನುಮೂಳೆ, ಸೊಂಟದ ಮೂಳೆಗಳನ್ನೇ ಹುಡುಕಿಕೊಂಡು ಹೋಗುವುದಕ್ಕೆ ಅಲ್ಲಿನ ಸ್ಟ್ರೋಮಾ ಕೋಶಗಳೂ ಒಂದು ಕಾರಣ.

ಕೆಟ್ಟ ಕೋಶದ ಪಕ್ಕದಲ್ಲಿ ಸ್ಟ್ರೋಮಾ ಹೇಗೆ ಬದಲಾಗುತ್ತದೆ ಅಂದರೆ, ಗಾಯ ಮಾಗಿಸುವ ಹಾಗೆ. ಕೈ ಕುಯ್ದುಕೊಂಡಾಗ ಫೈಬ್ರೋಬ್ಲಾಸ್ಟುಗಳು ಅರ್ಧ ಸ್ನಾಯುವಿನ ರೂಪ ತಾಳಿ, ನಾರು ಸುರಿಸಿ, ಗಾಯದ ಅಂಚನ್ನು ಎಳೆದು ಸೇರಿಸುತ್ತವೆ, ಹೊಸ ರಕ್ತನಾಳ ಕರೆಸುತ್ತವೆ, ಕೆಲಸ ಮುಗಿದ ಮೇಲೆ ಜಾಗ ಖಾಲಿ ಮಾಡುತ್ತವೆ. ಗಡ್ಡೆಯ ಸುತ್ತ ಅದೇ ಕೆಲಸ ಶುರುವಾಗುತ್ತದೆ, ಆದರೆ ಮುಗಿಯುವುದಿಲ್ಲ. 1986ರಲ್ಲಿ ಹೆರಾಲ್ಡ್ ಡ್ವೋರಾಕ್ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದ್ದು ಇದಕ್ಕೇ. ಗಾಜಿನ ಮೇಲೆ ಮಾಮೂಲಿ ಸ್ನಾಯುವಿನ ಅಚ್ಚುಕಟ್ಟು ಎಳೆಗಳು ಹೋಗಿ, ಸಡಿಲವಾದ, ಮಸುಕು ಗುಲಾಬಿಯ ನಾರು ಕಾಣುತ್ತದೆ.

ಹಾಗಾದರೆ ಆ ಸ್ಟ್ರೋಮಾವನ್ನೇ ತೆಗೆದುಬಿಟ್ಟರೆ? ಚಿಕ್ಕಪ್ಪ ಕೇಳಿದರು, ವಿಜ್ಞಾನಿಗಳೂ ಕೇಳಿದ್ದಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಸ್ಟ್ರೋಮಾ ಕೋಟೆಯ ಹಾಗೆ ದಪ್ಪಗಿರುತ್ತದೆ, ಅದನ್ನು ಒಡೆದರೆ ಔಷಧ ಒಳಗೆ ಹೋಗುತ್ತದೆ ಅಂತ ಅಂದುಕೊಂಡಿದ್ದರು. 2014ರಲ್ಲಿ ಬಂದ ಎರಡು ಇಲಿ ಪ್ರಯೋಗಗಳಲ್ಲಿ ಸ್ಟ್ರೋಮಾ ಕಮ್ಮಿ ಮಾಡಿದಾಗ ಕ್ಯಾನ್ಸರ್ ಇನ್ನೂ ಜೋರಾಯಿತು. ಕೆಟ್ಟದ್ದಕ್ಕೆ ಕುಮ್ಮಕ್ಕು ಕೊಡುವ ಅದೇ ಸ್ಟ್ರೋಮಾ ಅದನ್ನು ಕಟ್ಟಿಹಾಕಿಯೂ ಇಟ್ಟಿತ್ತು. ಪ್ರಾಸ್ಟೇಟಿನಲ್ಲೂ ಇಂಥದೇ ತೊಡಕು. ಗ್ರಂಥಿಯ ಕ್ಯಾನ್ಸರ್ ಕೋಶಕ್ಕೆ ಗಂಡು ಹಾರ್ಮೋನ್ ಗೊಬ್ಬರ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಅದನ್ನು ತೋರಿಸಿದರು, 1966ರಲ್ಲಿ ನೊಬೆಲ್ ಬಂತು, ಇಂದಿಗೂ ಚಿಕಿತ್ಸೆ ಅದರ ಮೇಲೆಯೇ ನಿಂತಿದೆ. ಆದರೆ ಪಕ್ಕದ ಸ್ಟ್ರೋಮಾ ಕೋಶಗಳು ಹಾರ್ಮೋನ್ ಹಿಡಿಯುವ ಕೊಂಡಿಯನ್ನು ಕಳೆದುಕೊಂಡಿದ್ದರೆ ಅಂಥ ಕ್ಯಾನ್ಸರ್ ಹೆಚ್ಚಾಗಿ ಕೆಟ್ಟ ದಾರಿ ಹಿಡಿಯುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಒಂದೇ ಹಾರ್ಮೋನ್, ಬೇಲಿಯ ಈಚೆ ಒಂದು ಅರ್ಥ, ಆಚೆ ಇನ್ನೊಂದು.

ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಎಷ್ಟು ಜೋರು ಅಂತ ತಿಳಿಸಲು ಗ್ಲೀಸನ್ ಅಂಕ ಅಂತ ಬರೆಯುತ್ತಾರಲ್ಲ, ಅದು ನೋಡುವುದು ಗ್ರಂಥಿಗಳ ಆಕಾರವನ್ನು, ಸ್ಟ್ರೋಮಾಕ್ಕೆ ಅದರಲ್ಲಿ ಅಂಕ ಇಲ್ಲ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ಫೈಬ್ರೋಮಸ್ಕ್ಯುಲರ್ ಸ್ಟ್ರೋಮಾ ಅಂತ ಇದ್ದರೆ, ಸ್ನಾಯು ಮತ್ತು ನಾರು ಇದೆ ಅಂತ ಅಷ್ಟೇ, ಹೆದರುವ ಮಾತಲ್ಲ. ಗ್ಲ್ಯಾಂಡುಲೋ ಸ್ಟ್ರೋಮಲ್ ಹೈಪರ್‌ಪ್ಲೇಸಿಯಾ ಅಂದರೆ ಎರಡೂ ಬೆಳೆದಿವೆ ಅಂತ. ರಿಪೋರ್ಟನ್ನು ಮೊಬೈಲಿನಲ್ಲಿ ಹುಡುಕುತ್ತಾ ಕೂರುವ ಬದಲು ಬರೆದ ಡಾಕ್ಟರನ್ನೇ ಕೇಳಬಹುದು. ಕೇಳಿದರೆ ಬೈಯುತ್ತಾರೆ ಅನ್ನುವ ಹೆದರಿಕೆ ನಮ್ಮವರಿಗೆ ಯಾಕೋ ಗೊತ್ತಿಲ್ಲ.

ಕಾಫಿ ಕುಡಿದು ನಾನು ಹೊರಡುವಾಗ ಚಿಕ್ಕಮ್ಮ ಇನ್ನೊಂದು ಸಂಗತಿ ಹೇಳಿದರು. ಮುಂದಿನ ತಿಂಗಳು ಊರಿನಲ್ಲಿ ಕಣ್ಣಿನ ಕ್ಯಾಂಪ್ ಇದೆ, ಇವರ ಪೊರೆ ತೆಗೆಸಬೇಕು ಅಂತ. ಪ್ರಾಸ್ಟೇಟ್ ಆಪರೇಷನ್‌ಗೆ ಮುಂಚೆ ಒಂದೂವರೆ ತಿಂಗಳು ಟ್ಯಾಮ್ಸುಲೋಸಿನ್ ತಗೊಂಡಿದ್ದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು ಅಂದೆ. ‘ಕಣ್ಣಿಗೂ ಇದಕ್ಕೂ ಎಂತ ಸಂಬಂಧ? ಅದನ್ನು ಬಿಟ್ಟೂ ಆಯ್ತಲ್ಲ’ ಅಂದರು ಚಿಕ್ಕಪ್ಪ. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವಿನ ಮೇಲೂ ಅದೇ ಆಲ್ಫಾ ಗುಂಡಿ ಇದೆ. ಆ ಮಾತ್ರೆ ತಗೊಂಡವರ ಪಾಪೆಯ ಪರದೆ ಆಪರೇಷನ್ ಹೊತ್ತಿನಲ್ಲಿ ಸಡಿಲ ಬಟ್ಟೆಯ ಹಾಗೆ ಅಲ್ಲಾಡಬಹುದು, ಮಾತ್ರೆ ಬಿಟ್ಟ ಮೇಲೂ. 2005ರಲ್ಲಿ ಕಣ್ಣಿನ ಸರ್ಜನ್‌ಗಳು ಇದನ್ನು ಗುರುತಿಸಿದರು. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಚಿಕ್ಕಪ್ಪ ರಿಪೋರ್ಟನ್ನು ಮಗುಚಿ, ಹಿಂಬದಿಯಲ್ಲಿ ಮಾತ್ರೆಯ ಹೆಸರು ಬರೆದುಕೊಂಡರು. ಕೆಳಗೆ ಶೀತದ ಮಾತ್ರೆಯ ಹೆಸರನ್ನೂ ಬರೆದು, ಅದಕ್ಕೆ ಎರಡು ಸಲ ಗೀಟು ಹೊಡೆದರು.